ಕಲ್ಪನೆಯ ನುಡಿಗಟ್ಟುಗಳು ಮತ್ತು ಬಾಯಿಪಾಠದ ಸಿದ್ಧಾಂತ

ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿಗೆ ಇಂಗ್ಲಿಷ್ ಕಲಿಸುವ ಮಾತು ಬಂದಾಗಲೆಲ್ಲ ಒಂದು ಅಭಿಪ್ರಾಯ ಯಾರ ತಕರಾರೂ ಇಲ್ಲದೆ ಅಂಗೀಕೃತವಾಗುತ್ತದೆ. ವ್ಯಾಕರಣವನ್ನು ಹೇಗೋ ಕಲಿಸಬಹುದು, ಶಬ್ದಗಳ ಅರ್ಥವನ್ನೂ ನಿಘಂಟು ನೋಡಿ ತಿಳಿಯಬಹುದು, ಆದರೆ ಯಾವ ಶಬ್ದದ ಜೊತೆ ಯಾವ ಶಬ್ದ ಬರುತ್ತದೆ ಎಂಬುದಕ್ಕೆ ಇಂಗ್ಲಿಷಿನಲ್ಲಿ ಹೇಳಬಹುದಾದ ಕಾರಣವೇ ಇಲ್ಲ. ಆದ್ದರಿಂದ ಅಂಥ ಜೋಡಿಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿಸುವುದೊಂದೇ ದಾರಿ, ಆ ದಾರಿಯಲ್ಲಿ ಮಾತೃಭಾಷೆ ಅಡ್ಡ ಬಂದರೆ ಅದನ್ನು ತರಗತಿಯ ಹೊರಗೆ ನಿಲ್ಲಿಸಬೇಕು ಎಂಬುದು ಆ ಅಭಿಪ್ರಾಯ. ಗೈಡುಗಳು, ಸ್ಪೋಕನ್ ಇಂಗ್ಲಿಷ್ ತರಗತಿಗಳು, ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿಗಳು ಇದರ ಮೇಲೆಯೇ ನಿಂತಿವೆ. ಇದರಲ್ಲಿ ಮೂರು ಹೇಳಿಕೆಗಳು ಒಂದರೊಳಗೊಂದು ಸೇರಿಕೊಂಡಿವೆ: ಜೋಡಿಗಳು ಅಕಾರಣ, ಪಟ್ಟಿಯೇ ಗತಿ, ಕನ್ನಡ ತೊಡಕು. ಮೂರೂ ತಪ್ಪು ಎಂಬುದನ್ನು ಕಲ್ಪನೆಗೆ ಸಂಬಂಧಿಸಿದ ಇಂಗ್ಲಿಷ್ ಜೋಡಿಗಳ ಮೂಲಕ ತೋರಿಸುವುದು ಸುಲಭ. ಏಕೆಂದರೆ ಮನಸ್ಸಿನೊಳಗೆ ನಡೆಯುವ, ಕಣ್ಣಿಗೆ ಕಾಣದ ಕ್ರಿಯೆಯನ್ನು ಹೇಳುವಾಗ ಪ್ರತಿಯೊಂದು ಭಾಷೆಯೂ ಹೊರಗಿನ ಲೋಕದಿಂದ ಮಾತನ್ನು ಸಾಲ ಪಡೆಯಬೇಕಾಗುತ್ತದೆ, ಆ ಸಾಲದ ಲೆಕ್ಕ ಬಿಡಿಸಿ ನೋಡಿದರೆ ಕಾರಣಗಳು ತಾವಾಗಿಯೇ ಹೊರಬೀಳುತ್ತವೆ.

ಹೀಗೆ ಬಳಕೆಯಿಂದ ಒಟ್ಟಾಗಿ ನಿಂತ ಶಬ್ದಗಳ ಜೋಡಿಯನ್ನು ಇಂಗ್ಲಿಷ್ ಭಾಷಾಶಾಸ್ತ್ರದಲ್ಲಿ ಕಾಲೊಕೇಷನ್ ಎನ್ನುತ್ತಾರೆ. ಕನ್ನಡದಲ್ಲಿ ಅದನ್ನು ಪದಸಾಂಗತ್ಯ ಎಂದು ಕರೆಯಬಹುದು. (ಸಾಂಗತ್ಯವೆಂದರೆ ರತ್ನಾಕರವರ್ಣಿಯ ಛಂದಸ್ಸು ಮಾತ್ರವೆಂದು ತಿಳಿದವರು ಕ್ಷಮಿಸಬೇಕು.) ಈ ಪರಿಭಾಷೆಯನ್ನು ಇಂಗ್ಲಿಷ್ ಬೋಧನೆಯೊಳಗೆ ಗಟ್ಟಿಯಾಗಿ ಊರಿದವನು ಹೆರಾಲ್ಡ್ ಪಾಮರ್. ಟೋಕಿಯೋದಲ್ಲಿ ಕುಳಿತು ಜಪಾನಿನ ಶಾಲೆಗಳ ಇಂಗ್ಲಿಷ್ ಬೋಧನೆಗೆ ಮಾರ್ಗದರ್ಶನ ಮಾಡುತ್ತಿದ್ದ ಆತ 1933ರಲ್ಲಿ ಹೊರತಂದ ವರದಿಯಲ್ಲಿ, ಇಂಥ ಜೋಡಿಗಳನ್ನು ಬಿಡಿಬಿಡಿಯಾಗಿ ಕೂಡಿಸಿಕೊಳ್ಳದೆ ಇಡಿಯಾಗಿ ಕಲಿಯಬೇಕು ಎಂದು ಹೇಳಿದ. ಪಟ್ಟಿಯ ಪಕ್ಷದವರು ಆತನನ್ನು ತಮ್ಮ ಸಾಕ್ಷಿಯಾಗಿ ಕರೆಯುವುದುಂಟು. ಆದರೆ ಇಡಿಯಾಗಿ ಕಲಿಯುವುದಕ್ಕೂ ಪಟ್ಟಿಯಾಗಿ ಕಲಿಯುವುದಕ್ಕೂ ಇರುವ ಅಂತರವನ್ನು ಅವರು ಗಮನಿಸಿಲ್ಲ. ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಕೆಲವು ವರ್ಷ ಇಂಗ್ಲಿಷ್ ಪ್ರಾಧ್ಯಾಪಕನಾಗಿದ್ದ ಜೆ. ಆರ್. ಫರ್ತ್ 1950ರ ದಶಕದ ತನ್ನ ಬರಹಗಳಲ್ಲಿ ಇನ್ನೂ ಮುಂದೆ ಹೋಗಿ, ಶಬ್ದದ ಅರ್ಥದ ಒಂದು ಭಾಗ ಅದು ಯಾವ ಶಬ್ದಗಳ ಸಹವಾಸದಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದರಲ್ಲೇ ಇದೆ ಎಂದ. ಬರ್ಮಿಂಗ್‌ಹ್ಯಾಮಿನ ಜಾನ್ ಸಿಂಕ್ಲೇರ್ ಕೋಟ್ಯಂತರ ಶಬ್ದಗಳ ನಿಜಬಳಕೆಯ ಬರಹಗಳನ್ನು ಕಂಪ್ಯೂಟರಿನಲ್ಲಿ ಕೂಡಿಹಾಕಿ ಪರಿಶೀಲಿಸಿ, ಆ ಆಧಾರದ ಮೇಲೆ 1987ರಲ್ಲಿ ಕೋಬಿಲ್ಡ್ ನಿಘಂಟನ್ನು ಹೊರತಂದ. ಇವರು ಹೇಳಿದ್ದೆಲ್ಲ ಸಹವಾಸದ ಬಗೆಗೆ, ಅಂದರೆ ವಾಕ್ಯ, ಸಂದರ್ಭ, ಮಾತಿನ ಉದ್ದೇಶಗಳ ಬಗೆಗೆ. ಅವರ ಶೋಧದಿಂದ ವಾಕ್ಯವನ್ನೂ ಸಂದರ್ಭವನ್ನೂ ಕಿತ್ತು ಬಿಸಾಡಿ, ಉಳಿದ ಎರಡೆರಡು ಶಬ್ದಗಳನ್ನು ಕ್ರಮಸಂಖ್ಯೆ ಹಾಕಿ ಮಾರಿದ್ದು ಗೈಡಿನವರ ಕೆಲಸ.

ಶಬ್ದಗಳ ಸಹವಾಸದ ಪ್ರಶ್ನೆ ಕನ್ನಡಕ್ಕೆ ಹೊಸದೇನೂ ಅಲ್ಲ. ಹಳಗನ್ನಡ ವ್ಯಾಕರಣದಲ್ಲಿ ಅರಿಸಮಾಸ ಎಂಬ ದೋಷವನ್ನು ಹೇಳಿದ್ದಾರೆ. ಕನ್ನಡ ಶಬ್ದಕ್ಕೆ ಸಂಸ್ಕೃತ ಶಬ್ದವನ್ನು ಬೆಸೆದು ಸಮಾಸ ಮಾಡಿದರೆ ಅವು ಒಂದಕ್ಕೊಂದು ಶತ್ರುಗಳಂತೆ ನಿಲ್ಲುತ್ತವೆ ಎಂಬುದು ಅದರ ಅರ್ಥ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಈ ಬೆರಕೆಯನ್ನು ಕಟುವಾಗಿಯೇ ಟೀಕಿಸಿದೆ. ಆದರೆ ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ನಿಯಮವನ್ನು ಹೇಳಿ ಅಲ್ಲಿಗೇ ಸುಮ್ಮನಾಗಲಿಲ್ಲ. ಬಿರುದುಗಳಲ್ಲಿಯೂ ಹಿಂದಿನ ಕವಿಗಳ ಬಳಕೆಯಲ್ಲಿಯೂ ನಿಂತುಹೋದ ರೂಪಗಳಿಗೆ ವಿನಾಯಿತಿ ಕೊಟ್ಟ. ಯಾವ ಶಬ್ದ ಯಾವುದರ ಜೊತೆ ಕೂಡಬೇಕೆಂಬುದನ್ನು ಅಂತಿಮವಾಗಿ ನಿರ್ಣಯಿಸುವುದು ಬಳಕೆಯೇ ಎಂಬ ತಿಳಿವು ಈ ವಿನಾಯಿತಿಯಲ್ಲಿದೆ, ಆದರೆ ಬಳಕೆಗೆ ಕಾರಣವೇ ಇಲ್ಲ ಎಂಬ ಉಡಾಫೆ ಅಲ್ಲಿಲ್ಲ. ಇಂಗ್ಲಿಷಿನ ಪದಸಾಂಗತ್ಯವನ್ನು ಕನ್ನಡಿಗ ವಿದ್ಯಾರ್ಥಿಗೆ ಪರದೇಶದ ವಿಚಿತ್ರವೆಂಬಂತೆ ಪರಿಚಯಿಸುವ ಅಧ್ಯಾಪಕನಿಗೆ ತನ್ನ ಮನೆಯ ಕಪಾಟಿನಲ್ಲೇ ಇರುವ ಈ ಸಾಮಗ್ರಿಯ ನೆನಪು ಬಾರದಿರುವುದು ವಿಷಾದದ ಸಂಗತಿ.

ಈಗ ಕಲ್ಪನೆಯ ಜೋಡಿಗಳನ್ನೇ ನೋಡಬಹುದು. ಪಟ್ಟಿಗಳಲ್ಲಿ ಮೊದಲು ಬರುವುದು ವಿವಿಡ್ ಇಮ್ಯಾಜಿನೇಷನ್. ನಿಘಂಟಿನಲ್ಲಿ ವಿವಿಡ್ ಶಬ್ದಕ್ಕೆ ಸ್ಪಷ್ಟ, ಉಜ್ವಲ ಎಂಬ ಅರ್ಥಗಳಿವೆ. ಆ ಅರ್ಥವನ್ನು ನಂಬಿದ ವಿದ್ಯಾರ್ಥಿ ಕ್ಲಿಯರ್ ಇಮ್ಯಾಜಿನೇಷನ್ ಎಂದೋ ಬ್ರೈಟ್ ಇಮ್ಯಾಜಿನೇಷನ್ ಎಂದೋ ಬರೆಯುತ್ತಾನೆ, ಅಧ್ಯಾಪಕರು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಹಾಗೆ ಹೇಳುವುದಿಲ್ಲ, ಕಾರಣ ಕೇಳಬೇಡ ಎನ್ನುತ್ತಾರೆ. ಆದರೆ ಕಾರಣ ಇದೆ. ಆ ಶಬ್ದದ ಲ್ಯಾಟಿನ್ ಮೂಲದಲ್ಲಿ ಜೀವ ಎಂಬ ಅರ್ಥವಿದೆ; ಇಂಗ್ಲಿಷಿನಲ್ಲಿ ಅದು ನೆನಪು, ಕನಸು, ವರ್ಣನೆ, ಬಣ್ಣ ಇವುಗಳ ಜೊತೆ ಹೆಚ್ಚಾಗಿ ಓಡಾಡುತ್ತದೆ, ಅಂದರೆ ಇದಿರಿಗಿಲ್ಲದ್ದು ಇದಿರಿಗೇ ಜೀವ ತಳೆದು ನಿಂತಂತೆ ಕಾಣುವ ಕಡೆ ಬರುತ್ತದೆ. ಕನ್ನಡದಲ್ಲಿ ಈ ಕೆಲಸವನ್ನು ಮಾಡುವುದು ಕಣ್ಣಿಗೆ ಕಟ್ಟಿದಂತೆ ಎಂಬ ನುಡಿಗಟ್ಟು. ಕಣ್ಣಿಗೆ ಕಟ್ಟುವ ವರ್ಣನೆ, ಕಣ್ಣಿಗೆ ಕಟ್ಟಿದಂತಿರುವ ನೆನಪು ಎಂದು ಕನ್ನಡಿಗ ಯಾವ ಪಟ್ಟಿಯನ್ನೂ ನೋಡದೆ ಹೇಳುತ್ತಾನೆ. ಆದರೆ ಕಣ್ಣಿಗೆ ಕಟ್ಟುವ ಕಲ್ಪನೆ ಎನ್ನಲು ಅವನ ನಾಲಿಗೆ ಅಷ್ಟು ಸಲೀಸಾಗಿ ಏಳುವುದಿಲ್ಲ. ಎರಡು ಭಾಷೆಗಳ ಹಾದಿ ಎಲ್ಲಿಯವರೆಗೆ ಒಂದಾಗಿ ಸಾಗಿ ಎಲ್ಲಿ ಕವಲೊಡೆಯುತ್ತದೆ ಎಂಬುದನ್ನು ಹೀಗೆ ತೋರಿಸಿಕೊಟ್ಟರೆ ಆ ಜೋಡಿಯನ್ನು ವಿದ್ಯಾರ್ಥಿ ಮತ್ತೆ ಮರೆಯುವ ಸಂಭವ ಕಡಿಮೆ.

ಪಟ್ಟಿ ಹೇಳದೆ ಬಿಡುವ ಇನ್ನೊಂದು ಸಂಗತಿ ಮಾತಿನ ಒಳದನಿ. ಮಗುವೊಂದಕ್ಕೆ ವಿವಿಡ್ ಇಮ್ಯಾಜಿನೇಷನ್ ಇದೆ ಎಂದು ಇಂಗ್ಲಿಷಿನವರು ಹೇಳಿದಾಗ ಅದು ಹೊಗಳಿಕೆಯೂ ಆಗಿರಬಹುದು, ಹುಡುಗ ಸುಳ್ಳು ಹೇಳುತ್ತಿದ್ದಾನೆ ಎಂಬುದನ್ನು ನಯವಾಗಿ ತಿಳಿಸುವ ರೀತಿಯೂ ಆಗಿರಬಹುದು. ಓವರ್‌ಆ್ಯಕ್ಟಿವ್ ಎಂದರಂತೂ ನಯವೂ ಉಳಿಯಲಿಲ್ಲ. ಯೂ ಆರ್ ಇಮ್ಯಾಜಿನಿಂಗ್ ಥಿಂಗ್ಸ್ ಎಂಬುದನ್ನು ಪಟ್ಟಿಯಲ್ಲಿ ‘ನೀನು ವಿಷಯಗಳನ್ನು ಕಲ್ಪಿಸುತ್ತಿರುವೆ’ ಎಂದು ಅನುವಾದಿಸಿ ಕಲಿತವನು, ತಾನು ಪ್ರಬಂಧಕ್ಕಾಗಿ ಅದನ್ನೇ ಮಾಡುತ್ತಿದ್ದೇನೆ ಎಂದು ಹೆಮ್ಮೆಯಿಂದ ಹೇಳಿಕೊಂಡರೆ, ಇಲ್ಲದ ಸದ್ದು ಕೇಳಿಸಿಕೊಳ್ಳುವ, ಇಲ್ಲದ್ದನ್ನು ಕಾಣುವ ಭ್ರಮೆ ತನಗಿದೆ ಎಂದು ತಾನೇ ಒಪ್ಪಿಕೊಂಡಂತಾಗುತ್ತದೆ. ಲೀವ್ಸ್ ಲಿಟಲ್ ಟು ದಿ ಇಮ್ಯಾಜಿನೇಷನ್ ಎಂಬುದರ ಶಬ್ದಾರ್ಥ, ಊಹೆಗೆ ಹೆಚ್ಚೇನನ್ನೂ ಬಿಡುವುದಿಲ್ಲ ಎಂದು. ಬಳಕೆಯಲ್ಲಿ ಅದು ಮೈ ಮುಚ್ಚದ ಉಡುಪಿನ ಬಗೆಗೋ ಹಸಿಹಸಿಯಾದ ಚಿತ್ರಣದ ಬಗೆಗೋ ಆಡುವ ಕೊಂಕುಮಾತಾಗುವುದೇ ಹೆಚ್ಚು. ಕಾಲೇಜಿನ ಬೀಳ್ಕೊಡುಗೆ ಸಮಾರಂಭದಲ್ಲಿ ಅಧ್ಯಾಪಕಿಯೊಬ್ಬರ ಸ್ಪಷ್ಟವಾದ ಪಾಠವನ್ನು ಹೊಗಳಲು ವಿದ್ಯಾರ್ಥಿ ಈ ಮಾತನ್ನು ಬಳಸಿದರೆ ಏನಾಗಬಹುದು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾದರೆ ಪಟ್ಟಿ ಕಲಿಸಿದ್ದೇನು? ಶಬ್ದಗಳನ್ನು ಸರಿಯಾಗಿ ಜೋಡಿಸಿ ತಪ್ಪಾದ ಮಾತನ್ನು ಆಡುವುದನ್ನು ಕಲಿಸಿತು.

ಅಕಾರಣವಾದ ಜೋಡಣೆ ಎಂಬ ವಾದಕ್ಕೆ ನಿಜವಾದ ಉತ್ತರ ರೂಪಕದಲ್ಲಿದೆ. ಜಾರ್ಜ್ ಲೇಕಾಫ್ ಮತ್ತು ಮಾರ್ಕ್ ಜಾನ್ಸನ್ 1980ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ದಿನಬಳಕೆಯ ಮಾತು ರೂಪಕಗಳ ಗುಂಪುಗಳಾಗಿ ಹರಡಿಕೊಂಡಿದೆ, ಒಂದೇ ಗುಂಪಿನ ನುಡಿಗಟ್ಟುಗಳಿಗೆ ಒಂದೇ ಬೇರು ಇರುತ್ತದೆ ಎಂದು ವಾದಿಸಿದರು. ಅವರ ಸಿದ್ಧಾಂತದ ಎಲ್ಲ ಭಾಗಗಳನ್ನು ಒಪ್ಪದವರಿಗೂ ಕಲ್ಪನೆಯ ಜೋಡಿಗಳಲ್ಲಿ ಆ ಗುಂಪುಗಳು ಕಾಣದೆ ಇರವು. ಫರ್ಟೈಲ್ ಇಮ್ಯಾಜಿನೇಷನ್ ಎನ್ನುವಾಗ ಕಲ್ಪನೆ ನೆಲ. ಅಲ್ಲಿ ಬೆಳೆ ಬರುತ್ತದೆ, ಇಲ್ಲವಾದರೆ ಅದು ಬರಡಾಗುತ್ತದೆ. ರನ್ ವೈಲ್ಡ್, ರನ್ ರಯಟ್ ಎನ್ನುವಾಗ ಅದು ಲಗಾಮು ಕಿತ್ತ ಪ್ರಾಣಿ. ಕ್ಯಾಪ್ಚರ್ ದಿ ಇಮ್ಯಾಜಿನೇಷನ್ ಎನ್ನುವಾಗ ಅದು ಸೆರೆಸಿಕ್ಕುವ ವಸ್ತು, ಅದೂ ಸಾಮಾನ್ಯವಾಗಿ ಒಬ್ಬನದಲ್ಲದೆ ಸಮುದಾಯದ ಮನಸ್ಸು. ಚಂದ್ರಯಾನವೋ ಹೊಸ ಆಟಗಾರನೋ ಜನರ ಕಲ್ಪನೆಯನ್ನು ಸೆರೆಹಿಡಿಯಬಹುದು, ನೆರೆಮನೆಯವನು ತನ್ನ ಪಕ್ಕದವನ ಕಲ್ಪನೆಯನ್ನು ಹಿಡಿದನೆಂದು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಬೈ ನೋ ಸ್ಟ್ರೆಚ್ ಆಫ್ ದಿ ಇಮ್ಯಾಜಿನೇಷನ್ ಎನ್ನುವಾಗ ಕಲ್ಪನೆ ಎಳೆದರೆ ಹಿಗ್ಗುವ ಪದಾರ್ಥ, ಮತ್ತು ಈ ಜೋಡಿ ಬಹುಪಾಲು ನಿಷೇಧದ ವಾಕ್ಯದಲ್ಲೇ ಬರುತ್ತದೆ: ಎಷ್ಟು ಎಳೆದರೂ ಅಲ್ಲಿಗೆ ಮುಟ್ಟದು ಎಂಬ ಅರ್ಥದಲ್ಲಿ. ಫಿಗ್ಮೆಂಟ್ ಎಂಬ ಶಬ್ದವಂತೂ ಇಂದಿನ ಇಂಗ್ಲಿಷಿನಲ್ಲಿ ಇಮ್ಯಾಜಿನೇಷನ್ನಿನ ಸೆರಗು ಬಿಟ್ಟು ಒಂಟಿಯಾಗಿ ಹೊರಬರುವುದೇ ಅಪರೂಪ. ಅದರ ಲ್ಯಾಟಿನ್ ಮೂಲ ಮಣ್ಣನ್ನು ನಾದಿ ಆಕಾರ ಕೊಡುವುದನ್ನು ಸೂಚಿಸುತ್ತದೆ, ಫಿಕ್ಷನ್ ಶಬ್ದವೂ ಅದೇ ಬೇರಿನಿಂದ ಚಿಗುರಿದ್ದು. ನೆಲ, ಪ್ರಾಣಿ, ಸೆರೆ, ಎಳೆತ, ಮಣ್ಣಿನ ಆಕಾರ ಎಂಬ ಐದು ಚಿತ್ರಗಳು ಮನಸ್ಸಿನಲ್ಲಿ ನಿಂತರೆ ಪಟ್ಟಿಯ ಎಷ್ಟೋ ಸಾಲುಗಳು ತಾವಾಗಿಯೇ ಅರ್ಥವಾಗುತ್ತವೆ.

ಇಷ್ಟಾದರೂ ಒಂದು ಮಾತನ್ನು ಒಪ್ಪಬೇಕು. ರೂಪಕದಿಂದ ಜೋಡಿ ಅರ್ಥವಾಗುತ್ತದೆಯೇ ಹೊರತು ಅದನ್ನು ಮೊದಲೇ ಊಹಿಸಿ ಹೇಳಲು ಬರುವುದಿಲ್ಲ. ಕಲ್ಪನೆ ನೆಲವಾದರೆ ಅದನ್ನು ಉಳಬಹುದೇ, ಗೊಬ್ಬರ ಹಾಕಬಹುದೇ ಎಂದು ಕೇಳಿದರೆ ಅದಕ್ಕೆ ಇಂಗ್ಲಿಷಿನ ಬಳಕೆಯೇ ಉತ್ತರ ಹೇಳಬೇಕು. ಪಟ್ಟಿಯ ಪಕ್ಷದಲ್ಲಿ ಸತ್ಯವೇನಾದರೂ ಇದ್ದರೆ ಅದು ಇಷ್ಟು ಮಾತ್ರ, ಮತ್ತು ಇಷ್ಟನ್ನೇ ಹಿಗ್ಗಿಸಿ ಕಾರಣವೇ ಇಲ್ಲ ಎಂಬಲ್ಲಿಗೆ ತಂದು ನಿಲ್ಲಿಸಿದ್ದು ಆ ಪಕ್ಷದ ತಪ್ಪು.

ಕನ್ನಡ ತೊಡಕು ಎಂಬ ಮೂರನೆಯ ಹೇಳಿಕೆಯನ್ನು ಪರೀಕ್ಷಿಸಲು ಉತ್ತರ ಕನ್ನಡ ಜಿಲ್ಲೆಯ ಕಾರವಾರ ಮತ್ತು ಅಂಕೋಲಾ ತಾಲೂಕುಗಳಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಹೆದ್ದಾರಿಯ ಬದಿಯ ಹಟ್ಟಿಕೇರಿಯಂಥ ಊರಿನಲ್ಲಿ ಬೆಳೆಯುವ ಮಗುವಿನ ಕಿವಿಗೆ ಒಂದೇ ದಿನದಲ್ಲಿ ಕೊಂಕಣಿಯೂ ಹಾಲಕ್ಕಿ ಸಮುದಾಯದವರ ಕನ್ನಡವೂ ಶಾಲೆಯ ಗ್ರಂಥಭಾಷೆಯೂ ಟಿವಿಯ ಹಿಂದಿಯೂ ಬೀಳುತ್ತವೆ. ಯಾವ ಮಾತು ಯಾರೊಡನೆ, ಯಾವ ಶಬ್ದ ಯಾವುದರ ಜೊತೆ ಎಂಬ ವಿವೇಕವನ್ನು ಅದು ಶಾಲೆಗೆ ಬರುವ ಮುಂಚೆಯೇ ರೂಢಿಸಿಕೊಂಡಿರುತ್ತದೆ. ಆ ಮಗು ಬಲ್ಲ ಕನ್ನಡದಲ್ಲಿ ಕಲ್ಪನೆಯ ಮಾತು ಬಡವಾಗಿಲ್ಲ. ಕರಾವಳಿಯಲ್ಲಿ ಎಣಿಸು ಎಂದರೆ ದುಡ್ಡು ಲೆಕ್ಕ ಮಾಡುವುದೂ ಹೌದು, ಮನಸ್ಸಿನಲ್ಲಿ ಅಂದುಕೊಳ್ಳುವುದೂ ಹೌದು. ಹೀಗಾಗುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ ಎಂಬ ಮಾತು ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೇಳುತ್ತದೆ. ದೊಡ್ಡ ಮೀನಿನ ಕಥೆ ಹೇಳುವವನಿಗೆ, ಬುರುಡೆ ಬಿಡಬೇಡ ಮಾರಾಯ ಎನ್ನುತ್ತಾರೆ. ಆಗದ ಸುಖವನ್ನು ನೆನೆದು ಬಾಯಿ ಚಪ್ಪರಿಸುವವನು ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಾನೆ, ಬುಡವಿಲ್ಲದ ಯೋಜನೆ ಹಾಕುವವನು ಗಾಳಿಗೋಪುರ ಕಟ್ಟುತ್ತಾನೆ, ಅದಕ್ಕೂ ಮಿಗಿಲಾದವನು ಆಕಾಶಕ್ಕೆ ಏಣಿ ಹಾಕುತ್ತಾನೆ. ಕಥೆಯನ್ನು ಕಟ್ಟುತ್ತಾರೆ, ಹೆಣೆಯುತ್ತಾರೆ. ಕಲ್ಪನೆಗೆ ಗರಿ ಮೂಡುತ್ತದೆ. ದೊಡ್ಡ ಸಂಗತಿ ಊಹೆಗೆ ನಿಲುಕುವುದಿಲ್ಲ. ಇಂಗ್ಲಿಷ್ ಕಲ್ಪನೆಯನ್ನು ಎಳೆದು ಹಿಗ್ಗಿಸಿದರೆ ಕನ್ನಡ ಕೈ ಚಾಚಿ ನಿಲುಕಿಸಿಕೊಳ್ಳಲು ನೋಡುತ್ತದೆ; ಇಂಗ್ಲಿಷಿನಲ್ಲಿ ಜನರ ಕಲ್ಪನೆ ಸೆರೆಯಾದರೆ ಕನ್ನಡದಲ್ಲಿ ಜನರ ಮನಸ್ಸು ಸೂರೆಯಾಗುತ್ತದೆ. ಮನಸೂರೆಗೊಂಡ ಹಾಡು ಎಂದಾಗ ಅಲ್ಲೊಂದು ಲೂಟಿ ನಡೆದಿದೆ ಎಂಬುದನ್ನು ಕನ್ನಡಿಗ ಮರೆತಿದ್ದಾನೆ. ಕ್ಯಾಪ್ಚರ್ ಎನ್ನುವಾಗ ಇಂಗ್ಲಿಷಿನವನೂ ಸೆರೆಮನೆಯನ್ನು ಮರೆತಿದ್ದಾನೆ. ಈ ಎರಡು ಮರೆವುಗಳನ್ನು ಒಟ್ಟಿಗೆ ಎಚ್ಚರಿಸುವ ಅಧ್ಯಾಪಕನಿಗೆ ಕನ್ನಡ ಅಡ್ಡಗೋಡೆಯಾಗುವ ಪ್ರಶ್ನೆಯೇ ಏಳುವುದಿಲ್ಲ.

ಕನ್ನಡದ ಕಲ್ಪಿಸು ಎಂಬ ಕ್ರಿಯಾಪದದ ಕಥೆ ಇನ್ನೂ ಬೋಧಪ್ರದ. ನಿಘಂಟು ಇದನ್ನು ಇಮ್ಯಾಜಿನ್ ಶಬ್ದದ ಎದುರು ಇಟ್ಟಿರುತ್ತದೆ. ಆದರೆ ಕಾರವಾರದ ಕಚೇರಿಗಳ ಕಡತಗಳಲ್ಲಿ, ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಈ ಕ್ರಿಯಾಪದದ ನಿತ್ಯದ ಒಡನಾಡಿಗಳು ಬೇರೆಯೇ: ಸೌಲಭ್ಯ ಕಲ್ಪಿಸು, ಅವಕಾಶ ಕಲ್ಪಿಸು, ಉದ್ಯೋಗ ಕಲ್ಪಿಸು, ಪುನರ್ವಸತಿ ಕಲ್ಪಿಸು. 1986ರ ಅಕ್ಟೋಬರ್ 24ರಂದು ಅಂದಿನ ಪ್ರಧಾನಿ ರಾಜೀವ ಗಾಂಧಿಯವರು ಶಂಕುಸ್ಥಾಪನೆ ಮಾಡಿದ ಸೀಬರ್ಡ್ ನೌಕಾನೆಲೆ ಯೋಜನೆಗಾಗಿ ಕಾರವಾರ ಮತ್ತು ಅಂಕೋಲಾ ಕರಾವಳಿಯ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಎಳೆದಿಡುವ ದಂಡೆ ಎಲ್ಲವನ್ನೂ ಬಿಟ್ಟು ಎದ್ದವು. 2005ರ ಮೇ 31ರಂದು ಐಎನ್‌ಎಸ್ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿದ ಮೇಲೂ ಪರಿಹಾರದ ಅರ್ಜಿಗಳು ಮುಗಿಯಲಿಲ್ಲ. ಆ ಅರ್ಜಿಗಳಲ್ಲಿ ನಿರಾಶ್ರಿತರು ಕೇಳಿದ್ದು ಕಲ್ಪಿಸಿಕೊಡಿ ಎಂದೇ, ಅಂದರೆ ಒದಗಿಸಿ, ಮಾಡಿಕೊಡಿ ಎಂದು. ಸಂಸ್ಕೃತದ ಕ್ಲೃಪ್ ಧಾತುವಿನಲ್ಲಿರುವ ಅಣಿಗೊಳಿಸು, ರೂಪಿಸು ಎಂಬ ಹಳೆಯ ಅರ್ಥ ಕನ್ನಡದ ಆಡಳಿತ ಭಾಷೆಯಲ್ಲಿ ಹೀಗೆ ಬದುಕಿ ಉಳಿದಿದೆ. ಈ ವಿವರವನ್ನು ಅರಿಯದ ಹುಡುಗ, ಸರಕಾರ ಪುನರ್ವಸತಿ ಕಲ್ಪಿಸಿತು ಎಂಬ ವಾಕ್ಯವನ್ನು ಪಟ್ಟಿಯ ಆಧಾರದಿಂದ ಇಂಗ್ಲಿಷಿಗೆ ತಂದರೆ ಸರಕಾರ ಪುನರ್ವಸತಿಯ ಹಗಲುಗನಸು ಕಂಡಿತು ಎಂದಾಗುತ್ತದೆ. (ನಿರಾಶ್ರಿತರಲ್ಲಿ ಕೆಲವರು ಈ ಅನುವಾದವೇ ಹೆಚ್ಚು ಸರಿ ಎಂದಾರು.) ಶಬ್ದ ಒಂದೇ, ಒಡನಾಡಿ ಬದಲಾದೊಡನೆ ಅರ್ಥವೂ ಬದಲು ಎಂಬ ಫರ್ತನ ತತ್ತ್ವಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಲಂಡನ್ನಿನಿಂದ ತರಿಸಬೇಕಾಗಿಲ್ಲ, ಹಟ್ಟಿಕೇರಿಯ ಹುಡುಗನಿಗೆ ಅದು ಮನೆಬಾಗಿಲಲ್ಲೇ ಇದೆ.

ಪಟ್ಟಿಯ ಪರವಾಗಿ ಕನ್ನಡದ ವಿದ್ವಾಂಸರೂ ಒಂದು ವಾದ ಹೂಡುತ್ತಾರೆ: ಹಿಂದಿನವರು ಅಮರಕೋಶವನ್ನು ಬಾಯಿಪಾಠ ಮಾಡಿಯೇ ಪಂಡಿತರಾದರು, ಬಾಯಿಪಾಠವನ್ನು ಹಳಿಯುವುದು ನಮ್ಮ ಪರಂಪರೆಯನ್ನೇ ಹಳಿದಂತೆ ಎಂದು. ಬಾಯಿಪಾಠಕ್ಕೆ ತನ್ನದೇ ಸ್ಥಾನವಿದೆ, ಮಗ್ಗಿ ಬಾರದವನು ಲೆಕ್ಕದಲ್ಲಿ ಹೆಜ್ಜೆಹೆಜ್ಜೆಗೂ ಎಡವುತ್ತಾನೆ, ಇದರಲ್ಲಿ ವಿವಾದವಿಲ್ಲ. ಆದರೆ ಅಮರಕೋಶ ಪಟ್ಟಿಯಾಗಿದ್ದರೂ ಛಂದಸ್ಸಿನಲ್ಲಿದೆ, ಮೂರು ಕಾಂಡಗಳಾಗಿ, ಅರ್ಥಸಂಬಂಧವುಳ್ಳ ವರ್ಗಗಳಾಗಿ ಹರಡಿಕೊಂಡಿದೆ. ಅದನ್ನು ಕಲಿತ ಹುಡುಗ ಅದರ ಬೆನ್ನಿಗೇ ಕಾವ್ಯಪಾಠಕ್ಕೆ ಕೂರುತ್ತಿದ್ದ, ಒಂದೊಂದು ಶಬ್ದವೂ ಶ್ಲೋಕದಲ್ಲಿ ಯಾರ ಪಕ್ಕದಲ್ಲಿ ಕುಳಿತಿದೆ ಎಂಬುದನ್ನು ಅಲ್ಲಿ ನೋಡುತ್ತಿದ್ದ. ಇನ್ನೂ ಮುಖ್ಯವಾದ ಮಾತೆಂದರೆ ಅಮರಕೋಶ ಕಲಿಸುವುದು ಪರ್ಯಾಯಪದಗಳನ್ನು, ಅಂದರೆ ಒಂದರ ಬದಲಿಗೆ ಇನ್ನೊಂದು ಬರಬಹುದಾದ ಶಬ್ದಗಳನ್ನು. ಪದಸಾಂಗತ್ಯದಲ್ಲಿ ಕಲಿಯಬೇಕಾದದ್ದು ಬದಲಿಗೆ ಇನ್ನೊಂದು ಬಾರದು ಎಂಬುದನ್ನು. ವಿರುದ್ಧ ದಿಕ್ಕಿನ ಎರಡು ವಿದ್ಯೆಗಳಿಗೆ ಒಂದೇ ಉಪಾಯ ಸಾಕು ಎನ್ನುವುದು ಪರಂಪರೆಯ ಗೌರವವಲ್ಲ, ಪರಂಪರೆಯನ್ನು ಸರಿಯಾಗಿ ನೋಡದ ಸೋಮಾರಿತನ.

ಸಿದ್ಧ ನುಡಿಗಟ್ಟುಗಳನ್ನು ನಿಜವಾಗಿ ಹೇಗೆ ಕಲಿಯುತ್ತಾರೆ ಎಂಬುದಕ್ಕೆ ಉತ್ತರ ಕನ್ನಡ ಜಿಲ್ಲೆಯಲ್ಲೇ ದೊಡ್ಡದೊಂದು ಶಾಲೆ ಇದೆ, ಅದು ತಾಳಮದ್ದಲೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪ್ರಸಂಗದ ಪದ್ಯವನ್ನು ಹಾಡಿ ನಿಲ್ಲಿಸಿದೊಡನೆ ಅರ್ಥಧಾರಿ ಆ ಪಾತ್ರವಾಗಿ ಅಲ್ಲೇ ಹೊಳೆದ ಮಾತಿನಲ್ಲಿ ವಾದಕ್ಕಿಳಿಯುತ್ತಾನೆ, ಎದುರು ಕುಳಿತವನು ಯಾವ ಮಾತು ಎತ್ತುತ್ತಾನೆ ಎಂಬುದು ಅವನಿಗೆ ಮೊದಲೇ ಗೊತ್ತಿರುವುದಿಲ್ಲ. ಆ ವೇಗದಲ್ಲಿ ಶಬ್ದಗಳನ್ನು ಒಂದೊಂದಾಗಿ ಆರಿಸಿ ವಾಕ್ಯ ಕಟ್ಟುತ್ತ ಕೂರಲು ಯಾರಿಂದಲೂ ಆಗದು. ಜೋಡಿಗಳಾಗಿ, ತುಂಡುಗಳಾಗಿ, ಅರ್ಧ ವಾಕ್ಯಗಳಾಗಿ ಮಾತು ಮೊದಲೇ ಒಳಗೆ ಅಣಿಯಾಗಿರಬೇಕು. ಹೊಸಬ ಅದನ್ನು ಸಂಪಾದಿಸುವುದು ವರ್ಷಗಟ್ಟಲೆ ಹಿರಿಯರ ಕೂಟಗಳಲ್ಲಿ ಕುಳಿತು, ಕೌರವನ ಬಾಯಲ್ಲಿ ಒಪ್ಪುವ ಮಾತು ಕೃಷ್ಣನ ಬಾಯಲ್ಲಿ ಏಕೆ ಒಪ್ಪದು ಎಂಬುದನ್ನು ಕಿವಿಯಿಂದ ತಿಳಿದು, ಸಣ್ಣ ಪಾತ್ರಗಳಲ್ಲಿ ತಡವರಿಸಿ, ಎದುರಾಳಿಯಿಂದ ಚುಚ್ಚಿಸಿಕೊಂಡು. ಹಾಡಿನಲ್ಲೂ ಹೀಗೆಯೇ. ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಶಾಲೆಯ ಮೆಟ್ಟಿಲು ಹತ್ತದೆಯೇ ಹಾಲಕ್ಕಿಗಳ ಹಾಡುಗಳ ಭಂಡಾರವನ್ನು ನೆನಪಿನಲ್ಲಿ ಇರಿಸಿಕೊಂಡವರು, 2017ರಲ್ಲಿ ಪದ್ಮಶ್ರೀ ಪಡೆದವರು. ಅವರ ನೆನಪಿಗೆ ಆಸರೆಯಾದದ್ದು ಮದುವೆಯ ಚಪ್ಪರ, ಗದ್ದೆಯ ನಾಟಿ, ಸುಗ್ಗಿಯ ಸಂದರ್ಭಗಳು. ಮೌಖಿಕ ಕಾವ್ಯದ ಅಧ್ಯಯನಕಾರರಾದ ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ಯುಗೊಸ್ಲಾವಿಯಾದ ಹಾಡುಗಾರರಲ್ಲಿ ಕಂಡದ್ದೂ ಇದನ್ನೇ: ಸಿದ್ಧ ನುಡಿಗಟ್ಟು ಹಾಡುಗಾರನ ಸರಕು, ಆದರೆ ಅದು ಹಾಡಿನ ಒಳಗಿನಿಂದಲೇ ಅವನಿಗೆ ದಕ್ಕುತ್ತದೆ.

ಶಾಲೆಯಲ್ಲಿ ಇದನ್ನೆಲ್ಲ ಮಾಡಲಾಗದು ಎಂಬ ಆಕ್ಷೇಪಕ್ಕೆ ಕರ್ನಾಟಕದಲ್ಲೇ ಉತ್ತರ ಸಿಕ್ಕಿ ನಾಲ್ಕು ದಶಕಗಳಾದವು. ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆದ, ಬೆಂಗಳೂರು ಪ್ರಾಜೆಕ್ಟ್ ಎಂದು ಭಾಷಾಬೋಧನೆಯ ಜಗತ್ತಿನಲ್ಲೆಲ್ಲ ಹೆಸರಾದ ಪ್ರಯೋಗದಲ್ಲಿ, ವ್ಯಾಕರಣದ ಕ್ರಮವನ್ನೂ ಶಬ್ದಗಳ ಪಟ್ಟಿಯನ್ನೂ ಪಕ್ಕಕ್ಕಿಟ್ಟು, ರೈಲಿನ ವೇಳಾಪಟ್ಟಿ ಓದಿ ಪ್ರಯಾಣ ಗೊತ್ತುಮಾಡುವುದು, ನಕಾಶೆ ನೋಡಿ ದಾರಿ ಹೇಳುವುದು ಮುಂತಾದ ಬುದ್ಧಿಗೆ ಕೆಲಸ ಕೊಡುವ ಸಮಸ್ಯೆಗಳನ್ನು ಮಕ್ಕಳ ಮುಂದಿಟ್ಟರು. ಮನಸ್ಸು ಅರ್ಥದ ಕಡೆ ತೊಡಗಿರುವಾಗ ಭಾಷೆಯ ರೂಪ ಚೆನ್ನಾಗಿ ಕೂರುತ್ತದೆ ಎಂಬುದು ಪ್ರಭು ಅವರ ನಂಬಿಕೆ. 1987ರ ತಮ್ಮ ಪುಸ್ತಕದಲ್ಲಿ ಅದನ್ನು ವಿವರವಾಗಿ ಪ್ರತಿಪಾದಿಸಿದರು. ಆ ಪ್ರಯೋಗಕ್ಕೂ ಮಿತಿಗಳಿವೆ. ರೈಲಿನ ವೇಳಾಪಟ್ಟಿಯಿಂದ ಕಲ್ಪನೆಯ ನುಡಿಗಟ್ಟು ಹೊರಡದು, ಅದಕ್ಕೆ ಕಥೆ ಬೇಕು, ಅರ್ಧ ಹೇಳಿ ಬಿಟ್ಟ ಚಿತ್ರ ಬೇಕು, ಸುಳ್ಳೋ ನಿಜವೋ ಎಂದು ಜಗಳವಾಡುವ ಸಂದರ್ಭ ಬೇಕು. ಆದರೂ ಪಟ್ಟಿಯಿಲ್ಲದೆ ಸರಕಾರಿ ಶಾಲೆಯ ಮಗು ಇಂಗ್ಲಿಷ್ ಕಲಿಯಲಾರದು ಎಂಬ ಮಾತನ್ನು ಅದು ಸುಳ್ಳು ಮಾಡಿತು. 2007ರಿಂದ ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಾಗ ಈ ಅನುಭವವನ್ನು ಮೊದಲು ನೆನೆಯಬೇಕಾಗಿತ್ತು, ನೆನೆದವರು ಕಡಿಮೆ.

ಕನ್ನಡವನ್ನು ತರಗತಿಯ ಹೊರಗಿಡುವವರ ‘ಇಂಗ್ಲಿಷಿನಲ್ಲೇ ಯೋಚಿಸಿ’ ಎಂಬ ಘೋಷಣೆಯನ್ನು ಇಲ್ಲಿಯೇ ತಡೆದು ಕೇಳಬೇಕು. ಉತ್ತರ ಕನ್ನಡದ ಹನೇಹಳ್ಳಿಯ ಕಥೆಗಾರ ಯಶವಂತ ಚಿತ್ತಾಲರು (1928–2014) ಮುಂಬಯಿಯಲ್ಲಿ ಪಾಲಿಮರ್ ತಂತ್ರಜ್ಞಾನದ ಉದ್ಯಮದಲ್ಲಿ ಜೀವಮಾನ ದುಡಿದವರು, ಅಮೆರಿಕದಲ್ಲಿ ಓದಿಬಂದವರು. ಇಂಗ್ಲಿಷ್ ಅವರ ವೃತ್ತಿಯ ಭಾಷೆಯಾಗಿತ್ತು, ಅವರ ಕಲ್ಪನೆ ಮಾತ್ರ ಹನೇಹಳ್ಳಿಯ ಕನ್ನಡವನ್ನು ಬಿಟ್ಟು ಕದಲಲಿಲ್ಲ. ಅವರಿಗಿಂತ ಬಹು ಮುಂಚೆ, 1880ರ ದಶಕದ ಆರಂಭದಲ್ಲಿ, ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥ ಠಾಕೂರರ ಮನೆಗೆ ಬಂದ ತರುಣ ರವೀಂದ್ರನಾಥರು ಅಲ್ಲಿನ ಕಡಲತೀರದಲ್ಲಿ ಬರೆದ ನಾಟಕ ಬಂಗಾಳಿಯಲ್ಲಿತ್ತು. ಆ ಮನೆಯಲ್ಲಿ ಇಂಗ್ಲಿಷ್ ಕಡಿಮೆಯಿರಲಿಲ್ಲ. ಸತ್ಯೇಂದ್ರನಾಥರು ಐಸಿಎಸ್ ಸೇರಿದ ಮೊದಲ ಭಾರತೀಯ. ಅಂಕೋಲೆಯ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಹಳ್ಳಿಗೆ ಹೈಸ್ಕೂಲು ತಂದಾಗಲೂ ಇಂಗ್ಲಿಷನ್ನು ಹೊರಗಿಡಲಿಲ್ಲ, ಕನ್ನಡವನ್ನೂ ಬಿಡಲಿಲ್ಲ. ಒಂದು ಭಾಷೆಯಲ್ಲಿ ಗಟ್ಟಿಯಾಗಿ ಕಲ್ಪಿಸಬಲ್ಲವನು ಇನ್ನೊಂದರಲ್ಲಿ ತೊದಲಬೇಕೆಂಬ ನಿಯಮ ಎಲ್ಲಿಯೂ ಇಲ್ಲ.

ಪಟ್ಟಿಯ ಪಾಠದ ಹಾನಿ ಇಂಗ್ಲಿಷಿಗಷ್ಟೇ ಸೀಮಿತವಾಗಿ ಉಳಿದಿಲ್ಲ ಎಂಬುದನ್ನೂ ಹೇಳಬೇಕು. ಇಂಗ್ಲಿಷ್ ಜೋಡಿಯನ್ನು ಶಬ್ದಕ್ಕೆ ಶಬ್ದವಿಟ್ಟು ಕಲಿತವರು ಮುಂದೆ ಅದನ್ನೇ ಕನ್ನಡಕ್ಕೆ ತಿರುಗಿಸುತ್ತಾರೆ. ಸಿನಿಮಾ ಜನರ ಕಲ್ಪನೆಯನ್ನು ಸೆರೆಹಿಡಿಯಿತು, ಕಲ್ಪನೆಯ ಯಾವುದೇ ವಿಸ್ತರಣೆಯಿಂದಲೂ ಇದು ಸಾಧ್ಯವಿಲ್ಲ ಎಂಬಂಥ ವಾಕ್ಯಗಳು ಜಾಹೀರಾತುಗಳಲ್ಲೂ ಅನುವಾದಗಳಲ್ಲೂ ಕಾಣಿಸುವುದಕ್ಕೆ ಇದೇ ಕಾರಣ. ಮನಸೂರೆಗೊಂಡಿತು, ಯಾವ ಲೆಕ್ಕದಲ್ಲೂ ಸಾಧ್ಯವಿಲ್ಲ ಎಂಬ ಸಲೀಸಾದ ಮಾತುಗಳು ಕೈಯಳತೆಯಲ್ಲಿದ್ದರೂ ಅವರಿಗೆ ಹೊಳೆಯುವುದಿಲ್ಲ. ಕನ್ನಡವನ್ನು ಇಂಗ್ಲಿಷ್ ತರಗತಿಯಿಂದ ಹೊರಹಾಕಿದರೆ ಇಂಗ್ಲಿಷ್ ಶುದ್ಧವಾಗಿ ಬರುತ್ತದೆ ಎಂದವರು, ಆ ತರಗತಿಯಿಂದ ಹೊರಬಂದವರ ಕನ್ನಡವನ್ನೂ ಒಮ್ಮೆ ಓದಿ ನೋಡಬೇಕು.

ಪ್ರಶ್ನೆಪತ್ರಿಕೆ ತಯಾರಿಸುವವರಿಂದಲೇ ಬದಲಾವಣೆ ಆರಂಭವಾಗಬೇಕು, ಏಕೆಂದರೆ ಶಾಲೆಯಲ್ಲಿ ಪಾಠ ನಡೆಯುವುದು ಪರೀಕ್ಷೆಯ ಹಿಂದೆಯೇ. ಎಡಗಡೆಯ ಶಬ್ದವನ್ನು ಬಲಗಡೆಯ ಶಬ್ದಕ್ಕೆ ಗೆರೆ ಎಳೆದು ಜೋಡಿಸುವ ಪ್ರಶ್ನೆಯನ್ನು ಕೈಬಿಟ್ಟು, ಕಾಲು ಪುಟದ ಕಥೆಯೊಂದನ್ನು ಕೊಟ್ಟು, ಈ ಮಾತನ್ನು ಯಾರು ಯಾರಿಗೆ ಹೊಗಳಲು ಹೇಳಿದರು, ಯಾರು ಹಂಗಿಸಲು ಹೇಳಿದರು, ಇದೇ ಸಂದರ್ಭದಲ್ಲಿ ಮನೆಯ ಮಾತಿನಲ್ಲಿ ಏನು ಹೇಳುತ್ತಾರೆ ಎಂದು ಕೇಳಲಿ. ಉತ್ತರದ ಒಂದು ಸಾಲು ಕನ್ನಡದಲ್ಲಿ ಅಥವಾ ಕೊಂಕಣಿಯಲ್ಲಿ ಇದ್ದರೆ ಅದಕ್ಕೂ ಅಂಕ ಕೊಡಲಿ.